ಮಳೆಗಾಲಕ್ಕೆ ಮೊದಲು ಇಂಟರ್‌ನೆಟ್ ಸಂಪರ್ಕದ ಬಗ್ಗೆ ಒಂದು ತೀರ್ಮಾನ

ಸಂಘದ ಕಾರ್ಯದರ್ಶಿ, ಮನೆ ಸಂಖ್ಯೆ 7, ಬುಧವಾರ ಬೆಳಿಗ್ಗೆ

ಬಡಾವಣೆಯ ಎಲ್ಲರಿಗೂ ನಮಸ್ಕಾರ. ಕಳೆದ ಜುಲೈಯಲ್ಲಿ ಪರ್ಕಳ ಪೇಟೆಯಿಂದ ನಮ್ಮ ಕಡೆಗೆ ಬರುವ ಕೇಬಲ್ ಮೇಲೆ ತೆಂಗಿನ ಮರ ಬಿದ್ದು ಹೆಚ್ಚಿನವರ ಮನೆಯಲ್ಲಿ 9 ದಿನ ಇಂಟರ್‌ನೆಟ್ ಇರಲಿಲ್ಲ. ಆ 9 ದಿನವೂ ಫೋನ್ ಎತ್ತಿದವರು "ನಾಳೆ ಬೆಳಿಗ್ಗೆ ಜನ ಬರುತ್ತಾರೆ" ಎಂದೇ ಹೇಳುತ್ತಿದ್ದುದು ಯಾರಿಗೂ ಮರೆತಿರಲಾರದು. ಈಗ ಬೇರೊಂದು ಕಂಪನಿಯ ಪ್ರತಿನಿಧಿ ಬಂದು, 40 ಮನೆಯವರು ಒಟ್ಟಾಗಿ ಒಂದು ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದರೆ ಜೋಡಣೆಯ ಶುಲ್ಕ ತೆಗೆದುಕೊಳ್ಳುವುದಿಲ್ಲವೆಂದೂ, ರೌಟರ್ ಉಚಿತವೆಂದೂ, ವೇಗ 300 ಎಂಬಿಪಿಎಸ್ (ಸೆಕೆಂಡಿಗೆ 300 ಮೆಗಾಬಿಟ್) ಎಂದೂ ಹೇಳಿ ಕರಪತ್ರ ಕೊಟ್ಟು ಹೋಗಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ಭಾನುವಾರದ ಸಭೆಗೆ ಮೊದಲು ತಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸಬೇಕಾಗಿ ವಿನಂತಿ. ಬರೇ ಹೆಬ್ಬೆರಳಿನ ಚಿತ್ರ ಹಾಕಿ ಬಿಡದೆ ಕಾರಣ ಸಹಿತ ಬರೆದರೆ ಉಪಕಾರವಾಗುತ್ತದೆ.

ಮನೆ ಸಂಖ್ಯೆ 23, ಬುಧವಾರ ರಾತ್ರಿ

ಕಾರ್ಯದರ್ಶಿಯವರೇ, ಬೆಂಗಳೂರಿನ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುವ ನಾನು ಆ 9 ದಿನವೂ ಮಣಿಪಾಲದ ಸ್ನೇಹಿತರೊಬ್ಬರ ಮನೆಯ ಊಟದ ಮೇಜಿನಲ್ಲಿ ಕುಳಿತು ದಿನ ದೂಡಿದವನು. ಹಾಗಾಗಿ ಕಂಪನಿ ಬದಲಾಯಿಸುವ ಅವಸರ ನನಗೇ ಹೆಚ್ಚು ಇರಬೇಕಿತ್ತು. ಆದರೆ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವ 300ನ್ನು ನೋಡಿ ನಾವು ಮುಂದುವರಿಯಬಾರದೆಂದು ನನ್ನ ಅಭಿಪ್ರಾಯ. ಒಂದು ವಿಡಿಯೊ ಸಭೆಗೆ 4 ಎಂಬಿಪಿಎಸ್ ಧಾರಾಳ. 4ಕೆ ಗುಣಮಟ್ಟದ ಸಿನಿಮಾಕ್ಕೆ 15ರಿಂದ 25 ಸಾಕು. ನಾಲ್ಕು ಜನರ ಮನೆಯಲ್ಲಿ 50 ಇದ್ದರೆ ಕೊರತೆ ಕಾಣುವುದಿಲ್ಲ. (100 ಎಂಬಿಪಿಎಸ್ ಹಾಕಿಸಿಕೊಂಡೆ, ಸೆಕೆಂಡಿಗೆ 12 ಎಂಬಿ (ಮೆಗಾಬೈಟ್) ಮಾತ್ರ ಇಳಿಯುತ್ತದೆ, ಮೋಸ ಹೋದೆ ಎಂದು ಹಿಂದೆ ಈ ಗುಂಪಿನಲ್ಲಿ ಬರೆದವರಿಗಾಗಿ: 8 ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 12.5 ಮೆಗಾಬೈಟ್ ಎಂಬುದೇ ಅದರ ಪೂರ್ಣ ವೇಗ. ಅದರಲ್ಲಿ ಮೋಸವಿಲ್ಲ.)

ಇನ್ನು ಈ ಫೈಬರ್ ಸಂಪರ್ಕಗಳಲ್ಲಿ ಪ್ರತಿ ಮನೆಗೂ ಕೇಂದ್ರದಿಂದ ಬೇರೆ ಬೇರೆ ಎಳೆ ಬರುವುದಿಲ್ಲ. ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆ ದಾರಿಯಲ್ಲಿ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ, ಮತ್ತು ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಅಷ್ಟೂ ಮನೆಗಳು ಹಂಚಿಕೊಳ್ಳುವುದು ಸುಮಾರು 2,500 ಎಂಬಿಪಿಎಸ್, ಅಂದರೆ 2.5 ಗಿಗಾಬಿಟ್‌ನ ಒಟ್ಟು ವೇಗವನ್ನು. ಎಲ್ಲರೂ ಒಂದೇ ಕ್ಷಣಕ್ಕೆ ಬಳಸುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಆದರೂ ರಾತ್ರಿ 9ರ ಹೊತ್ತಿಗೆ ವೇಗ ಕುಸಿಯುವ ಕಂಪನಿ ಯಾವುದು, ಕುಸಿಯದ್ದು ಯಾವುದು ಎಂಬುದನ್ನು ಈಗಾಗಲೇ ಬಳಸುತ್ತಿರುವವರನ್ನು ಕೇಳಿಯೇ ತಿಳಿಯಬೇಕಲ್ಲದೆ ಕರಪತ್ರದಿಂದಲ್ಲ.

ಮುಖ್ಯ ವಿಷಯ ಬೇರೆಯೇ ಇದೆ. ಇಂದು ಸಂಜೆ ನಾನು ನಮ್ಮ ಗೇಟಿನಿಂದ ಪೇಟೆಯವರೆಗೆ ಕತ್ತೆತ್ತಿ ಕಂಬಗಳನ್ನೇ ನೋಡುತ್ತ ನಡೆದೆ. ಈಗಿನ ಕಂಪನಿಯ ಕೇಬಲ್ ಮತ್ತು ಹೊಸ ಕಂಪನಿ ಪಕ್ಕದ ಬಡಾವಣೆಗೆ ಎಳೆದಿರುವ ಕೇಬಲ್ ಎರಡೂ ಒಂದೇ ಕಂಬಗಳ ಮೇಲೆ, ಕೆಲವು ಕಡೆ ಒಂದಕ್ಕೊಂದು ತಂತಿಯಿಂದ ಕಟ್ಟಿಕೊಂಡು ಬಂದಿವೆ. ಕಳೆದ ವರ್ಷ ಬಿದ್ದ ಮರದ ಪಕ್ಕದಲ್ಲಿ ಅದಕ್ಕಿಂತ ಹೆಚ್ಚು ಬಾಗಿದ ಇನ್ನೊಂದು ಮರವಿದೆ. ಅದು ಬಿದ್ದರೆ ಎರಡೂ ಕಂಪನಿಗಳು ಒಟ್ಟಿಗೇ ಹೋಗುತ್ತವೆ. ನಾವು 40 ಮನೆಯವರು ವರ್ಷದ ಹಣ ಕಟ್ಟಿ ಬದಲಾಯಿಸುವುದು ಬಿಲ್ಲಿನ ಮೇಲಿನ ಹೆಸರನ್ನು ಮಾತ್ರವೇ ಎಂಬುದು ನನ್ನ ಪ್ರಶ್ನೆ.

ಮನೆ ಸಂಖ್ಯೆ 4, ನಿವೃತ್ತ ಮುಖ್ಯೋಪಾಧ್ಯಾಯರು, ಗುರುವಾರ ಬೆಳಿಗ್ಗೆ

ಮನೆ 23ರವರು ಕಂಬಗಳನ್ನು ನೋಡುತ್ತ ನಡೆದುದನ್ನು ನಾನು ಜಗಲಿಯಿಂದ ಕಂಡಿದ್ದೆ. ಏನೋ ಹಕ್ಕಿ ನೋಡುತ್ತಿದ್ದಾರೆಂದು ಭಾವಿಸಿದ್ದೆ. ನಮ್ಮ ಮನೆಯಲ್ಲಿ ನಾವಿಬ್ಬರೇ. ನಮಗೆ ಬೇಕಾದುದು ಮಗಳೊಂದಿಗೆ ರಾತ್ರಿ ಮಾತುಕತೆ, ವಾರಕ್ಕೊಂದೆರಡು ಯಕ್ಷಗಾನದ ನೇರಪ್ರಸಾರ, ಮತ್ತು ಹಳೆಯ ಸ್ಥಿರ ದೂರವಾಣಿಯ ಸಂಖ್ಯೆ ಹಾಗೆಯೇ ಉಳಿಯುವುದು. 300ರ ವೇಗ ನಮಗೆ ಹೊರೆ.

ದರದ ಬಗ್ಗೆ ಒಂದು ಮಾತು. ಕರಪತ್ರದಲ್ಲಿ 499 ರೂಪಾಯಿ ಎಂದಿದ್ದರೂ ಶೇಕಡಾ 18 ಜಿಎಸ್‌ಟಿ ಸೇರಿದಾಗ ಅದು 588 ರೂಪಾಯಿ 82 ಪೈಸೆಯಾಗುತ್ತದೆ, ವರ್ಷಕ್ಕೆ 7,066 ರೂಪಾಯಿ. 40 ಮನೆಗಳದ್ದು ಕೂಡಿಸಿದರೆ ಎರಡೂಮುಕ್ಕಾಲು ಲಕ್ಷ ದಾಟುತ್ತದೆ. ಇಷ್ಟು ಹಣ ಮೊದಲೇ ಕೈಸೇರಿದ ಮೇಲೆ ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಏಣಿ ಹಿಡಿದುಕೊಂಡು ಯಾರು ಬರುತ್ತಾರೆ? ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟುವ ವ್ಯವಸ್ಥೆಯಾದರೆ ನನ್ನ ಒಪ್ಪಿಗೆಯಿದೆ. ಇಲ್ಲವಾದರೆ ಇಲ್ಲ.

ಮನೆ ಸಂಖ್ಯೆ 12, ಗುರುವಾರ

ನಾವು ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದೇ ದೊಡ್ಡ ಸಂಪರ್ಕ ತೆಗೆದುಕೊಂಡರೆ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯುತ್ತದಲ್ಲವೇ? ತಪ್ಪಿದ್ದರೆ ತಿಳಿಸಿ.

ಮನೆ ಸಂಖ್ಯೆ 31, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ, ಗುರುವಾರ ರಾತ್ರಿ

ಮನೆ 12ರವರಿಗೆ: ಖರ್ಚೇನೋ ಇಳಿಯುತ್ತದೆ, ಆದರೆ ಸಂಪರ್ಕ ಯಾರ ಹೆಸರಿನಲ್ಲಿ, ಯಾರ ಗುರುತಿನ ದಾಖಲೆಯ ಮೇಲೆ ಇರುತ್ತದೋ ಅದರಿಂದ ನಡೆದ ಎಲ್ಲದಕ್ಕೂ ಮೊದಲು ಉತ್ತರ ಕೊಡಬೇಕಾದವರು ಅವರೇ. ನೆರೆಮನೆಗೆ ಬಂದ ನೆಂಟರ ಮಗ ಏನು ಮಾಡಿದನೆಂಬುದಕ್ಕೆ ತಾವು ಠಾಣೆಗೆ ಹೋಗುವಂತಾಗಬಾರದು. ದಯವಿಟ್ಟು ಬೇಡ.

ಮನೆ 23ರವರ ಮಾತಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಕೇಬಲ್ ಕಡಿದುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗುತ್ತದೆ. ಆದರೆ ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಕೆಂಪು ದೀಪವೂ ಇಲ್ಲ, ಇಂಟರ್‌ನೆಟ್ಟೂ ಸ್ಥಿರವಿಲ್ಲ, ಗಂಟೆಗೆ ನಾಲ್ಕೈದು ಬಾರಿ ಹೋಗಿ ಬರುತ್ತಿತ್ತು. ಮೂರು ಬಾರಿ ಬಂದ ಹುಡುಗ ಮೂರು ಬಾರಿಯೂ ಮೋಡೆಮ್ ಆರಿಸಿ ಹಾಕಿ ಹೋದ. ನಾಲ್ಕನೇ ಬಾರಿ ವಯಸ್ಸಾದವರೊಬ್ಬರು ಬಂದರು. ಅವರು ಕೈಚೀಲದಿಂದ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ತೆಗೆದು, ಮೋಡೆಮ್‌ಗೆ ಬರುವ ಎಳೆಯನ್ನು ಅದಕ್ಕೆ ಸಿಕ್ಕಿಸಿ, "ಮೈನಸ್ 29 ತೋರಿಸುತ್ತಿದೆ ಟೀಚರ್, ಇದರಲ್ಲಿ ಹೇಗೆ ನಡೆಯುತ್ತದೆ?" ಎಂದರು. ಈ ಅಂಕಿ ಡಿಬಿಎಂ ಎಂಬ ಅಳತೆಯಲ್ಲಿ ಮನೆಗೆ ತಲುಪುವ ಬೆಳಕಿನ ಬಲ; ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ನಮ್ಮಲ್ಲಿರುವಂಥ ಮೋಡೆಮ್‌ಗಳು ಮೈನಸ್ 27ರವರೆಗೆ ಮಾತ್ರ ಆ ಬೆಳಕನ್ನು ಸರಿಯಾಗಿ ಓದಬಲ್ಲವು. ಅವರು ಆ ಎಳೆಯನ್ನೇ ಹಿಂಬಾಲಿಸಿ ಹೋಗಿ, ಮಾವಿನ ಮರಕ್ಕೆ ಕಟ್ಟಿದ್ದ ಜಾಯಿಂಟ್ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗೆ ಕೆಂಪಿರುವೆ, ಅರ್ಧ ಬೊಗಸೆ ನೀರು, ಮತ್ತು ಹಸಿರು ಕನೆಕ್ಟರಿಗೆ ಯಾರೋ ಜೋಡಿಸಿ ಹೋಗಿದ್ದ ನೀಲಿ ಕನೆಕ್ಟರ್. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯ ತುದಿ ನೇರ. ಎರಡನ್ನು ಸೇರಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರಿಹೋಗುತ್ತದೆ. ಅದನ್ನು ಸರಿಪಡಿಸಿದ ಮೇಲೆ ಮೀಟರಿನಲ್ಲಿ ಮೈನಸ್ 21 ಬಂತು. ಎಂಟು ಅಂಕಿಯ ವ್ಯತ್ಯಾಸವೆಂದರೆ ಬೆಳಕು ಆರು ಪಟ್ಟಿಗಿಂತ ಹೆಚ್ಚಾಯಿತೆಂದು ಅರ್ಥ. ಇಡೀ ಕೆಲಸಕ್ಕೆ ಹಿಡಿದದ್ದು 40 ನಿಮಿಷ, ಅದಕ್ಕಾಗಿ ನಾವು ಕಾದದ್ದು 17 ದಿನ.

ಆದ್ದರಿಂದ ಹೊಸ ಕಂಪನಿಯ ಪ್ರತಿನಿಧಿಯನ್ನು ನಾವು ಕೇಳಬೇಕಾದುದು ವೇಗವನ್ನಲ್ಲ. ಪರ್ಕಳ ಅಥವಾ ಮಣಿಪಾಲದಲ್ಲಿ ನಿಮ್ಮ ಕಡೆಯ ಲೈನ್‌ಮನ್ ಎಷ್ಟು ಜನ, ಅವರ ಬಳಿ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಇದೆಯೋ ಅಥವಾ ಅದು ಮಂಗಳೂರಿನಿಂದ ಬರಬೇಕೋ? ಜೋಡಣೆ ಮಾಡಿದ ದಿನವೇ ಪ್ರತಿ ಮನೆಯ ಡಿಬಿಎಂ ಅಂಕಿಯನ್ನು ಬರೆದುಕೊಡುತ್ತಾರೆಯೇ? ಆ ಚೀಟಿ ಇದ್ದರೆ ಮುಂದೆ ತಗಾದೆ ಮಾಡುವುದು ಸುಲಭ.

ಮನೆ ಸಂಖ್ಯೆ 18, ಪೇಟೆಯಲ್ಲಿ ಅಂಗಡಿ ಇರುವವರು, ಶುಕ್ರವಾರ

ಕೇಬಲ್ಲಿನ ಗೊಡವೆಯೇ ಬೇಡವೆಂದು ನಾನು ಮೊಬೈಲ್ ಟವರಿನಿಂದ ತಂತಿಯಿಲ್ಲದೆ ಬರುವ 5ಜಿ ಏರ್‌ಫೈಬರ್ ಹಾಕಿಸಿಕೊಂಡು ಎಂಟು ತಿಂಗಳಾಯಿತು. 2023ರಲ್ಲಿ ಜಿಯೋ ಮತ್ತು ಏರ್‌ಟೆಲ್ ಎರಡೂ ದೊಡ್ಡ ನಗರಗಳಲ್ಲಿ ಆರಂಭಿಸಿದ ವ್ಯವಸ್ಥೆಯಿದು. ತಾರಸಿಯಲ್ಲಿ ಒಂದು ಪೆಟ್ಟಿಗೆ, ಅಲ್ಲಿಂದ ಕೆಳಗೆ ಒಂದು ತಂತಿ, ಅಷ್ಟೇ. ನಮ್ಮ ಮನೆ ಏರಿನಲ್ಲಿದ್ದು ಟವರ್ ನೇರವಾಗಿ ಕಾಣುವುದರಿಂದ ನನಗೆ ದೂರಿಲ್ಲ. ಆದರೆ ಕೆಳಗಿನ ಸಾಲಿನಲ್ಲಿರುವ ನನ್ನ ಭಾವನವರು ನನ್ನನ್ನು ನೋಡಿ ಹಾಕಿಸಿ, ಎದುರಿನ ತೋಟದ ಮರಗಳು ಅಡ್ಡವಾಗಿ, ಎರಡೇ ತಿಂಗಳಲ್ಲಿ ಹಿಂದಿರುಗಿಸಿದರು. ಇನ್ನೊಂದು: ಕರೆಂಟು ಹೋಗಿ ಬಹಳ ಹೊತ್ತಾಗಿ ಟವರಿನ ಬ್ಯಾಟರಿ ಮುಗಿದರೆ ನಮ್ಮದೂ ಮುಗಿಯಿತು. ಎಲ್ಲರಿಗೂ ಇದೇ ಆಗಬೇಕೆಂದು ಹೇಳುವುದಿಲ್ಲ ಮಾರಾಯ್ರೇ, ಮೇಲಿನ ಸಾಲಿನ ಹತ್ತು ಹನ್ನೆರಡು ಮನೆಗಳಿಗೆ ಆದೀತು.

ಕರೆಂಟಿನ ಮಾತು ಬಂದುದರಿಂದ ಹೇಳುತ್ತೇನೆ. ಫೈಬರ್ ಇದ್ದವರು 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಮೋಡೆಮ್‌ಗೆ ಹಾಕಿಸಿಕೊಳ್ಳಿ. ಅಕ್ಟೋಬರ್ ಸಂಜೆಯ ಗುಡುಗಿಗೆ ಮಾತ್ರ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ ಎಂದು ನಂಬಿ ಕುಳಿತ ನನ್ನ ಹಳೆಯ ಮೋಡೆಮ್ ಸುಟ್ಟದ್ದು ವಿದ್ಯುತ್ ಪ್ಲಗ್ಗಿನ ಮೂಲಕ.

ಮನೆ ಸಂಖ್ಯೆ 40, ಶುಕ್ರವಾರ

ನಮ್ಮ ಒಳಕೋಣೆಯಲ್ಲಿ ವೈಫೈ ಸಿಗುವುದೇ ಇಲ್ಲ, ಹೊಸ ಕಂಪನಿಯಿಂದ ಅದು ಸರಿಯಾಗಬಹುದೇ?

ಮನೆ ಸಂಖ್ಯೆ 31, ಶುಕ್ರವಾರ

ಆಗುವುದಿಲ್ಲ. ತಮ್ಮದು ಹಳೆಯ ಮುರಕಲ್ಲಿನ ಗೋಡೆ. ಯಾವ ಕಂಪನಿಯ ರೌಟರಿಗೂ ಅದು ಒಂದೇ. ರೌಟರನ್ನು ಟಿವಿಯ ಹಿಂದಿನಿಂದ ತೆಗೆದು ಚಾವಡಿಯ ನಡುಭಾಗದಲ್ಲಿ ಎತ್ತರಕ್ಕಿಡಿ, ಒಳಕೋಣೆಯಲ್ಲಿ ವೈಫೈಯ 5 ಗಿಗಾಹರ್ಟ್ಸ್ ಬಿಟ್ಟು, ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುವ 2.4ನ್ನು ಬಳಸಿ ನೋಡಿ.

ಸಂಘದ ಕಾರ್ಯದರ್ಶಿ, ಮನೆ ಸಂಖ್ಯೆ 7, ಶನಿವಾರ ಮಧ್ಯಾಹ್ನ

ಹೊಸ ಕಂಪನಿಯ ಪ್ರತಿನಿಧಿಯೊಂದಿಗೆ ಇಂದು ಮಾತನಾಡಿದೆ. ಕೇಬಲ್ ಯಾವ ದಾರಿಯಿಂದ ಬರುತ್ತದೆಂದು ಕೇಳಿದಾಗ ಅವರು ಮೊದಲು ವೇಗದ ಬಗ್ಗೆಯೇ ಮತ್ತೆ ಹೇಳಿದರು. ಎರಡನೇ ಬಾರಿ ಕೇಳಿದ ಮೇಲೆ, ಈಗಿರುವ ಕಂಬಗಳ ಮೇಲೆಯೇ ಎಂದು ಒಪ್ಪಿಕೊಂಡರು. ಆದರೆ ಆತ್ರಾಡಿ ಕಡೆಯಿಂದಲೂ ತಮ್ಮದೊಂದು ಕೇಬಲ್ ನಮ್ಮ ಹಿಂಬದಿಯ ರಸ್ತೆಯವರೆಗೆ ಬಂದಿದೆಯೆಂದೂ, ಮನೆಗಳು ಸಾಕಷ್ಟಿದ್ದರೆ ಅದನ್ನು ಒಳಗೆ ತರಬಹುದೆಂದೂ ತಿಳಿಸಿದರು. ಇದು ನಮಗೆ ಉಪಯೋಗದ ಮಾತು. ಮುಂಗಡ ಮೂರು ತಿಂಗಳಿಗೆ ಇಳಿಸಲು ಅವರು ಸಿದ್ಧರಿದ್ದಾರೆ, ಜೋಡಣೆ ಶುಲ್ಕದ ಅರ್ಧ ಮಾತ್ರ ಬಿಡುತ್ತಾರೆ. ಲೈನ್‌ಮನ್ ಇಬ್ಬರು, ಒಬ್ಬರು ಮಣಿಪಾಲದಲ್ಲಿಯೇ ವಾಸ. ಸ್ಪ್ಲೈಸಿಂಗ್ ಯಂತ್ರದ ಬಗ್ಗೆ ವಿಚಾರಿಸಿ ಹೇಳುತ್ತೇನೆಂದಿದ್ದಾರೆ.

ಆದ್ದರಿಂದ ನಾಳೆಯ ಸಭೆಯ ಮುಂದೆ ಹೀಗೊಂದು ಪ್ರಸ್ತಾವ ಇಡುತ್ತೇನೆ: 40 ಮನೆಯವರೂ ಒಂದೇ ಕಡೆ ಹೋಗುವುದು ಬೇಡ. ಆತ್ರಾಡಿ ಕಡೆಯ ಕೇಬಲ್ ಬರುವುದಾಗಿ ಬರಹದಲ್ಲಿ ಕೊಟ್ಟರೆ ಕೆಳಗಿನ ಎರಡು ಸಾಲಿನವರು ಹೊಸ ಕಂಪನಿಗೆ ಸೇರಲಿ, ಉಳಿದವರು ಈಗಿನದರಲ್ಲೇ ಇರಲಿ. ಒಂದು ಕಡೆ ಹೋದಾಗ ಪರೀಕ್ಷೆ ಬರೆಯುವ ಮಕ್ಕಳು, ಕಚೇರಿಯ ಕೆಲಸ ಮಾಡುವವರು ಇನ್ನೊಂದು ಸಾಲಿನ ಮನೆಯಲ್ಲಿ ಎರಡು ಗಂಟೆ ಕುಳಿತುಕೊಳ್ಳಲು ನಾವು ಇಲ್ಲವೆನ್ನುವವರಲ್ಲ. ಬರಹದಲ್ಲಿ ಕೊಡದಿದ್ದರೆ ಬದಲಾವಣೆಯೇ ಬೇಡ.

ಯಾವ ಕಂಪನಿಯಲ್ಲಿದ್ದರೂ ಇನ್ನು ಮುಂದೆ ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗಬೇಡಿ. ಗ್ರಾಹಕ ಕೇಂದ್ರಕ್ಕೆ ದೂರು ಕೊಟ್ಟು ಅದರ ನೋಂದಣಿಯ ಡಾಕೆಟ್ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅವರು 39 ದಿನಗಳೊಳಗೆ ತೀರ್ಮಾನಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಲ್ಲಿದೆ. ಕಳೆದ ಜುಲೈಯಲ್ಲಿ ನಮ್ಮಲ್ಲಿ ಡಾಕೆಟ್ ಸಂಖ್ಯೆ ಇಟ್ಟುಕೊಂಡಿದ್ದವರು ಇಬ್ಬರೇ. ಆ ಇಬ್ಬರಲ್ಲಿ ನಾನಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮನೆ ಸಂಖ್ಯೆ 4, ಶನಿವಾರ ಸಂಜೆ

ಪ್ರಸ್ತಾವಕ್ಕೆ ನನ್ನ ಒಪ್ಪಿಗೆ. ಬಾಗಿದ ಆ ತೆಂಗಿನ ಮರದ ಯಜಮಾನರು ನನ್ನ ಹಳೆಯ ವಿದ್ಯಾರ್ಥಿ. ಇಂದು ಮಾತನಾಡಿದೆ, ಕಡಿಸಲು ಅಡ್ಡಿಯಿಲ್ಲ, ಕೂಲಿ ಸಂಘದ್ದಾಗಲಿ, ಕಾಯಿ ತನ್ನದಾಗಲಿ ಎಂದಿದ್ದಾರೆ. ಮರ ಹತ್ತುವವರು ಸೋಮವಾರ ಬೆಳಿಗ್ಗೆ 7ಕ್ಕೆ ಬರುತ್ತಾರೆ. ತುದಿಯನ್ನು ಕೇಬಲ್ಲಿನಿಂದ ಆಚೆಗೆ ಎಳೆದು ಹಿಡಿಯಲು ಹಗ್ಗ ಬೇಕು, ನಾಲ್ಕು ಜನವೂ ಬೇಕು.

ಮನೆ ಸಂಖ್ಯೆ 23, ಶನಿವಾರ ಸಂಜೆ

ನಾನು ಬರುತ್ತೇನೆ ಮಾಸ್ಟ್ರೇ. ಬಾವಿಯ ಹಗ್ಗ ನಮ್ಮಲ್ಲಿದೆ.