ಮಗಳಿಗೆ ಪತ್ರಿಕೋದ್ಯಮ ಓದಿಸಬೇಕು, ಯಾವ ಕಾಲೇಜು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಜಿಲ್ಲೆಯವರು. ಮಗಳು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಕಲಾ ವಿಭಾಗ ಮುಗಿಸಿದ್ದಾಳೆ. ಓದಿದರೆ ಪತ್ರಿಕೋದ್ಯಮವನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಳೆದ ಮಳೆಗಾಲದಲ್ಲಿ ಊರ ಕೆರೆಯ ತೂಬು ಒಡೆದಾಗ ಮನೆಮನೆ ತಿರುಗಿ, ಯಾರ ಹೊಲಕ್ಕೆ ಎಷ್ಟು ನೀರು ನುಗ್ಗಿತು ಎಂದು ಹೆಸರು ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಕೆಸರು ಮೆತ್ತಿದ ಆ ಪುಟಗಳನ್ನು ನೋಡಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಿಚಾರಿಸಿದೆವು. ಅವರು ಹೇಳಿದ ಒಂದು ವರ್ಷದ ಶುಲ್ಕ ನಮ್ಮ ಗೋವಿನಜೋಳದ ಇಡೀ ವರ್ಷದ ಆದಾಯಕ್ಕಿಂತ ಹೆಚ್ಚು. ಈಗ ಮನಸ್ಸಿನಲ್ಲಿರುವುದು ಮೈಸೂರಿನ ಮಹಾರಾಜ ಕಾಲೇಜು ಮತ್ತು ಉಜಿರೆಯ ಎಸ್‌ಡಿಎಂ ಕಾಲೇಜು. ಧಾರವಾಡ ನಮಗೆ ಹತ್ತಿರ, ಅಲ್ಲಿ ಓದಿದವರಿದ್ದರೆ ದಯವಿಟ್ಟು ತಿಳಿಸಿ. ಮುಂದೆ ಎಂ.ಎ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯೋ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯೋ ಇದ್ದೇ ಇವೆ. ಪದವಿಗೇ ಸಾಲ ಮಾಡುವುದು ಬೇಡ ಎಂಬುದು ನನ್ನ ಲೆಕ್ಕ.

ಕಟ್ಟಡ ಹೇಗಿದೆ ಎಂಬುದು ನನಗೆ ಮುಖ್ಯವಲ್ಲ. ವಿದ್ಯಾರ್ಥಿಗಳೇ ಸುದ್ದಿ ಬರೆದು ಪತ್ರಿಕೆ ತರುತ್ತಾರೆಯೇ? ಕ್ಯಾಮೆರಾ, ಸ್ಟುಡಿಯೋ ಮಕ್ಕಳ ಕೈಗೆ ಸಿಗುತ್ತವೆಯೇ, ಬೀಗದೊಳಗೇ ಇರುತ್ತವೆಯೇ? ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ? ಇಂಗ್ಲಿಷ್ ಎಂದರೆ ಅವಳಿಗೆ ಇನ್ನೂ ಅಳುಕು. ಹಿಂದುಳಿದ ವರ್ಗಗಳ ಇಲಾಖೆಯ ಹೆಣ್ಣುಮಕ್ಕಳ ಹಾಸ್ಟೆಲ್ ಕಾಲೇಜಿಗೆ ಎಷ್ಟು ದೂರ?

ಅಲ್ಲಿ ಓದಿ ಈಗ ಪತ್ರಿಕೆಯಲ್ಲೋ ವಾಹಿನಿಯಲ್ಲೋ ಕೆಲಸದಲ್ಲಿರುವವರು ಎರಡು ಸಾಲು ಬರೆದರೂ ಸಾಕು. ಮುಂದಿನ ವಾರವೇ ಅರ್ಜಿ ಹಾಕಬೇಕಿದೆ.