ಓದುಗರ ಸ್ಪಂದನ: ಮೊದಲನೆಯದು ಆಪರೇಷನ್, ಎರಡನೆಯದು?

ಹೊಸನಗರ ತಾಲೂಕಿನ ಓದುಗರೊಬ್ಬರ ಪತ್ರ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಮರೆತವರಿಗಾಗಿ ಎರಡು ಮಾತು. ವಯಸ್ಸು 29. ನಾಲ್ಕು ವರ್ಷದ ಹಿಂದೆ ಮೊದಲ ಹೆರಿಗೆ, ಹದಿನಾರು ಗಂಟೆ ನೋವು ತಿಂದ ಮೇಲೆ ಸಿಸೇರಿಯನ್. ಈಗ ಏಳು ತುಂಬಿ ಎಂಟರಲ್ಲಿದ್ದಾರೆ. ಪುಷ್ಯ ಮಳೆ ಹೊತ್ತಿಗೆ ದಿನ ತುಂಬುತ್ತದೆ. ಹತ್ತಿರದ ಡಾಕ್ಟರು "ಡೇಟ್ ಕೊಡ್ತೀನಿ, ಬಂದು ಆಪರೇಷನ್ ಮಾಡಿಸ್ಕೊಂಡು ಹೋಗಿ" ಅಂದಿದ್ದಾರೆ. ಶಿವಮೊಗ್ಗದಲ್ಲಿ ತೋರಿಸಿದ ಇನ್ನೊಬ್ಬರು "ನಾರ್ಮಲ್‌ಗೆ ನೋಡಬಹುದು, ಆದರೆ ಇಲ್ಲೇ ಆಗಬೇಕು" ಅಂದಿದ್ದಾರೆ. ಅತ್ತೆ ಜೋಯಿಸರ ಹತ್ತಿರ ನಕ್ಷತ್ರ ನೋಡಿಸಿ, ಹದಿನೈದು ದಿನ ಮೊದಲಿನ ಒಂದು ತಾರೀಕು ಹಿಡಿದಿದ್ದಾರೆ. ಗಂಡ "ನಿನ್ನಿಷ್ಟ" ಅನ್ನುತ್ತಾರೆ. "ನನ್ನಿಷ್ಟ ಏನು ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಅವರು ಪತ್ರ ಮುಗಿಸಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಜಾಗ ಸಾಲದೆ ಮೊಟಕು ಮಾಡಿದ್ದೇವೆ. ತೀರ್ಥಹಳ್ಳಿಯ ಪತ್ರವನ್ನು ಮಾತ್ರ ಮುಟ್ಟಿಲ್ಲ.

*

ಡಾಕ್ಟರು ಹತ್ತು ವರ್ಷ ಓದಿರುತ್ತಾರೆ. ನಾವು ನೀವು ಓದಿಲ್ಲ. ಬಸುರಿ ಹೆಂಗಸು ಪತ್ರಿಕೆಗೆ ಬರೆದು ಊರವರನ್ನೆಲ್ಲ ಕೇಳುವುದು ಸರಿಯಲ್ಲ. ಹೇಳಿದ ಹಾಗೆ ಮಾಡಿ.

– ನಿವೃತ್ತ ಮೇಷ್ಟ್ರು, ಭದ್ರಾವತಿ

*

ಇಬ್ಬರು ಡಾಕ್ಟರು ಎರಡು ಥರ ಹೇಳಿದ್ದಾರೆ ಅನ್ನೋದು ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲವೇನೋ. ಮುಂದಿನ ಪತ್ರ ನೋಟ್‌ಬುಕ್ಕಿನ ಹಾಳೆಗಳಲ್ಲಿ, ಎರಡು ಬಗೆಯ ಶಾಯಿಯಲ್ಲಿ ಬಂದಿದೆ. ಒಂದೇ ದಿನ ಕೂತು ಬರೆದಿದ್ದಲ್ಲ ಅಂತ ಕಾಣುತ್ತದೆ.

*

ತಂಗೀ, ನಿಮ್ಮ ಪತ್ರ ಓದುವಾಗ ನಾರ್ಮಲ್, ಸಿಸೇರಿಯನ್ ಎಲ್ಲ ದಾಟಿ ನನ್ನ ಕಣ್ಣು ನಿಂತಿದ್ದು "ಹದಿನೈದು ದಿನ ಮೊದಲು" ಅನ್ನೋ ಮಾತಿನ ಮೇಲೆ. ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ಪತ್ರಿಕೆ ಮಡಿಸಿಟ್ಟು ಹೋಗಿ ಪಾತ್ರೆ ತೊಳೆದೆ.

2011ರಲ್ಲಿ ನನಗೆ ಮೊದಲ ಹೆರಿಗೆ. ಮಗು ತಲೆ ಮೇಲಾಗಿ ಕೂತಿತ್ತು. ಹಾಗಾಗಿ ಆಪರೇಷನ್ ಅಂತ ಮೊದಲೇ ತೀರ್ಮಾನ ಆಗಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. 39 ವಾರ ತುಂಬುವ ದಿನಕ್ಕೆ ಡಾಕ್ಟರು ತಾರೀಕು ಕೊಟ್ಟರು. ಅವತ್ತು ಮೂಲಾ ನಕ್ಷತ್ರ. ನಮ್ಮ ಮಾವ ಪಂಚಾಂಗ ಹಿಡ್ಕೊಂಡು ಡಾಕ್ಟರ ರೂಮಿಗೇ ಹೋದರು. ಹದಿನೈದು ದಿನ ಹಿಂದಕ್ಕೆ ಹೋದರೆ ರೋಹಿಣಿ ಸಿಗುತ್ತಿತ್ತು. ಡಾಕ್ಟರು ಮೊದಲು ಆಗಲ್ಲ ಅಂದರು, ಆಮೇಲೆ ಒಪ್ಪಿದರು. ಲೆಕ್ಕ ಹಾಕಿ ನೋಡಿ, 37 ವಾರಕ್ಕೆ ಇನ್ನೂ ಒಂದು ದಿನ ಬಾಕಿ ಇತ್ತು. ಆಗ ಯಾರೂ ಲೆಕ್ಕ ಹಾಕಲಿಲ್ಲ. ನಾನೂ ಹಾಕಲಿಲ್ಲ.

10.40ರಿಂದ 11.10ರ ಒಳಗೆ ಮಗು ಹೊರಗೆ ಬರಬೇಕು ಅಂತ ಮಾವ ಚೀಟಿ ಬರೆದು ನರ್ಸ್ ಕೈಗೆ ಕೊಟ್ಟಿದ್ದರು. ಅರಿವಳಿಕೆ ಡಾಕ್ಟರು ಬೇಗ ಬಂದುಬಿಟ್ಟಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಯ್ತು. ಸೊಂಟದ ಕೆಳಗೆ ಮರದ ಕೊರಡಿನ ಹಾಗೆ. ಎದುರು ಗೋಡೆಯ ಗಡಿಯಾರದಲ್ಲಿ 10.25. ಎಲ್ಲರೂ ಸುಮ್ನೆ ನಿಂತಿದ್ದಾರೆ. ಯಾರೋ ಅಡಿಕೆ ರೇಟಿನ ಮಾತು ತೆಗೆದರು. ಮಗು ಒದೆಯುತ್ತಿದೆಯೋ ಇಲ್ಲವೋ ನನಗೆ ಗೊತ್ತಾಗುವ ಹಾಗಿರಲಿಲ್ಲ. ಅಷ್ಟು ತಿಂಗಳಲ್ಲಿ ಅದೊಂದು ಹೊತ್ತು.

10.52ಕ್ಕೆ ಬಂತು. ಅತ್ತಿತು, ಆದರೆ ಬೆಕ್ಕಿನ ಮರಿ ನರಳಿದ ಹಾಗೆ. ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗಿ ಬರುತ್ತಿತ್ತು. ಒಂದು ಸಲ ಮುಖ ತೋರಿಸಿ ಕರಕೊಂಡು ಹೋದರು. ಒಂಬತ್ತು ದಿನ ಐಸಿಯು. ಅದೂ ಬೇರೆ ಆಸ್ಪತ್ರೆಯಲ್ಲಿ, ಪೇಟೆಯ ಇನ್ನೊಂದು ತುದಿಗೆ. ಶ್ವಾಸಕೋಶದ ನೀರು ಇನ್ನೂ ಆರಿರಲಿಲ್ಲವಂತೆ. ನೋವು ಬಂದು ಹುಟ್ಟುವ ಮಗುವಿಗೆ ಆ ನೋವಿನಲ್ಲೇ ನೀರು ಆರುತ್ತಾ ಬರುತ್ತದೆ, ನೋವೂ ಬರದೆ ದಿನವೂ ತುಂಬದೆ ತೆಗೆದರೆ ಹೀಗಾಗುವುದು ಜಾಸ್ತಿ, 39 ವಾರದ ತನಕ ಕಾಯುವುದು ಅದಕ್ಕೇ ಅಂತ ಮಕ್ಕಳ ಡಾಕ್ಟರು ಹೇಳಿದರು. ಆಗ ಹೇಳಿದರು.

ನಾನು ಇಲ್ಲಿ ಹಾಲು ಹಿಂಡುವುದು, ಅದು ಅಲ್ಲಿಗೆ ಹೋಗಬೇಕು. ನಮ್ಮಪ್ಪ ಸಣ್ಣ ಸ್ಟೀಲ್ ಡಬ್ಬಿಗೆ ಟವೆಲ್ ಸುತ್ತಿಕೊಂಡು ದಿನಕ್ಕೆ ನಾಲ್ಕು ಸಲ ಆಟೋದಲ್ಲಿ ಓಡಾಡಿದರು. ಮೊದಲ ದಿನ ಅದರಲ್ಲಿದ್ದಿದ್ದು ಒಂದು ಚಮಚ ಹಾಲು. ಚೆಲ್ಲಿ ಹೋಗುತ್ತೇನೋ ಅಂತ ತೊಡೆ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಿದ್ದರಂತೆ. ಇದನ್ನು ಅವರು ಹೇಳಿದ್ದು ಬಹಳ ವರ್ಷ ಕಳೆದ ಮೇಲೆ, ಬೇರೆ ಏನೋ ಮಾತಾಡುವಾಗ.

ಮಗ ಈಗ ಚೆನ್ನಾಗಿದ್ದಾನೆ. ಕಬಡ್ಡಿ ಆಡ್ತಾನೆ. ಅವನು ಉಸಿರು ಹಿಡಿದು ಆಚೆ ಕೋರ್ಟಿಗೆ ಹೋದಾಗೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ಜಾತಕ ಬೀರುವಿನಲ್ಲಿದೆ. ಮೂಲೆಗೆಲ್ಲ ಅರಿಶಿನ ಹಚ್ಚಿದ ಪುಸ್ತಕ, ಮೊದಲ ಪುಟದಲ್ಲೇ 10.52. ಆ ಪುಟ ದಾಟಿ ನಾನು ಓದಿಲ್ಲ.

ಮಾವ ಈಗಿಲ್ಲ. ಕೆಟ್ಟವರಲ್ಲ. ಮೊಮ್ಮಗನಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ನನ್ನ ಸಂಕಟ ಅದಲ್ಲ. ಬೇಡ ಅನ್ನಬಹುದು ಅಂತ ನನಗೆ ಹೊಳೆಯಲೇ ಇಲ್ಲವಲ್ಲ, ಅದು. ನಾರ್ಮಲ್ಲೋ ಆಪರೇಷನ್ನೋ ನೀವೂ ಡಾಕ್ಟರೂ ನೋಡಿಕೊಳ್ಳಿ. ಆಪರೇಷನ್ನೇ ಆದರೆ ದಿನ ಗೊತ್ತುಮಾಡುವಾಗ ಪಂಚಾಂಗದ ಬದಲು ನಿಮ್ಮ ತಾಯಿ ಕಾರ್ಡ್ ಬಿಡಿಸಿ ವಾರ ಎಣಿಸಿ.

– ಹೆಸರು ಬೇಡ, ತೀರ್ಥಹಳ್ಳಿ

*

ಇದಕ್ಕೆ ನಾವು ಸೇರಿಸುವುದು ಏನೂ ಇಲ್ಲ. ಹೊಸನಗರದ ಅತ್ತೆಯವರೂ ಓದುತ್ತಾರೆ ಅಂದುಕೊಂಡಿದ್ದೇವೆ.

ಸಾಗರದ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಬರೆಸಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲಿಲ್ಲ.

*

ಕೂಸೇ, ಹೆರೋದು ಒಂದು ದಿನ, ಬಾಣಂತನ ಮೂರು ತಿಂಗಳು. ನೀನು ಕೇಳಿದ್ದು ಬರೀ ಒಂದು ದಿನದ ಮಾತು. ಮಳೆಗಾಲದ ಬಾಣಂತನ ಅಂದರೆ ಸುಮ್ನೆ ಅಲ್ಲ. ಕಟ್ಟಿಗೆ ಈಗಲೇ ಒಳಗೆ ಹಾಕಿಸು. ಹಸಿ ಕಟ್ಟಿಗೆ ಬಚ್ಚಲೊಲೆಗೆ ಇಟ್ಟರೆ ಮನೆಯೆಲ್ಲ ಹೊಗೆ, ಮಗುವಿಗೆ ಕೆಮ್ಮು. ಬಟ್ಟೆ ಒಣಗಲ್ಲ, ಒಲೆ ಹತ್ತಿರ ಹಗ್ಗ ಕಟ್ಟಿಸು. ಹಳೇ ಹತ್ತಿ ಸೀರೆ ಎಷ್ಟಿದ್ದರೂ ಸಾಲದು. ಆಪರೇಷನ್ ಆದರೆ ನೀರು ಹುಯ್ಯೋರು ಬೇರೆ ಬೇಕು, ನೀನು ಕೊಡಪಾನ ಎತ್ತೋ ಹಾಗಿಲ್ಲ. ನಿನ್ನಮ್ಮನಿಗೆ ಸೊಂಟ ಗಟ್ಟಿ ಇದೆಯಾ ಕೇಳು. ನನಗೆ ಐದೂ ಮನೇಲೇ ಆಯ್ತು, ನಾಲ್ಕು ಉಳೀತು. ಕರಿಮೆಣಸಿನ ಕಷಾಯಕ್ಕೆ ಅಳತೆ ಹೇಳ್ತೀನಿ, ಬರ್ಕೋ.

– ಅಜ್ಜಿ, ಸಾಗರ ತಾಲೂಕು

*

ಕಷಾಯದ ಅಳತೆ ಒಂದೂವರೆ ಪುಟ ಇತ್ತು, ಬಿಟ್ಟಿದ್ದೇವೆ. "ಹಿಂದೆಲ್ಲ ಯಾವ ಆಪರೇಷನ್ ಇತ್ತು?" ಎಂದು ಕೇಳಿ ಬಂದ ಆರು ಪತ್ರಗಳನ್ನೂ ಹಾಕಿಲ್ಲ. ಅಜ್ಜಿಯ ಪತ್ರದ ನಡುವೆ ಒಂದು ಸಣ್ಣ ಸಾಲಿದೆ, ಅದು ಸಾಕು.

ಹೆರಿಗೆ ವಾರ್ಡಿನಲ್ಲೇ ಕೆಲಸ ಮುಗಿಸಿ ನಿವೃತ್ತರಾದ ಸಿಸ್ಟರ್ ಒಬ್ಬರ ಪತ್ರ ಇದು.

*

ಮೊದಲು ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಹತ್ತರಲ್ಲಿ ಎಂಟು ಜನ ಅದನ್ನು ಕಳೆದುಕೊಂಡಿರುತ್ತಿದ್ದರು. ಮದುವೆ ಆಲ್ಬಂ ಮಾತ್ರ ಜೋಪಾನ! ಎರಡು ವಿಷಯ ಅದರಲ್ಲಿರುತ್ತದೆ. ಆಪರೇಷನ್ ಯಾಕೆ ಮಾಡಿದರು, ಗರ್ಭಕೋಶವನ್ನು ಹೇಗೆ ಕೊಯ್ದರು. ಹೊಟ್ಟೆ ಮೇಲಿನ ಗೆರೆ ನೋಡಿ ಒಳಗಿನದು ಗೊತ್ತಾಗಲ್ಲ. ಒಂದೇ ಸಲ ಆಗಿದ್ದು, ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೆ ನಾರ್ಮಲ್‌ಗೆ ನೋಡಬಹುದು. ಮೇಲಿಂದ ಉದ್ದಕ್ಕೆ ಕೊಯ್ದಿದ್ದರೆ ಆ ಮಾತೇ ಬೇಡ. ಮಗುವಿನ ಎದೆಬಡಿತ ಇಳಿದು ಮಾಡಿದ್ದಾದರೆ ಅದು ಈ ಸಲವೂ ಆಗಬೇಕು ಅಂತೇನಿಲ್ಲ. ಗರ್ಭಕೋಶದ ಬಾಯಿ ಪೂರ್ತಿ ತೆರೆದರೂ ಮಗು ಇಳಿಯದೆ ಮಾಡಿದ್ದಾದರೆ ಸ್ವಲ್ಪ ಯೋಚಿಸಬೇಕು.

ಹೀಗೆ ಪ್ರಯತ್ನ ಮಾಡಿದವರಲ್ಲಿ ನೂರಕ್ಕೆ 60ರಿಂದ 80 ಜನಕ್ಕೆ ನಾರ್ಮಲ್ ಆಗುತ್ತದೆ. ಹಳೇ ಹೊಲಿಗೆ ಬಿಟ್ಟುಕೊಳ್ಳುವುದು ಸುಮಾರು 200ಕ್ಕೆ ಒಬ್ಬರಿಗೆ. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಆ ಒಬ್ಬರಿಗೆ ಆದಾಗ ನಿಮಿಷದ ಲೆಕ್ಕ. ಥಿಯೇಟರ್, ಅರಿವಳಿಕೆ ಡಾಕ್ಟರು, ರಕ್ತ, ಮೂರೂ ರಾತ್ರಿ ಎರಡು ಗಂಟೆಗೂ ಸಿಗುವ ಕಡೆ ಮಾತ್ರ ಈ ಪ್ರಯತ್ನ. ನಿಮ್ಮ ಹತ್ತಿರದ ಡಾಕ್ಟರು ಡೇಟ್ ಕೊಟ್ಟಿದ್ದಕ್ಕೆ "ದುಡ್ಡಿಗೆ" ಅಂತ ಬಯ್ಯಬೇಡಿ. ಅವರಲ್ಲಿ ರಾತ್ರಿ ಅರಿವಳಿಕೆ ಡಾಕ್ಟರು ಇಲ್ಲದಿದ್ದರೆ ಅವರು ಹೇಳಿದ್ದೇ ಸರಿ. ಹಾಗಂತ ದುಡ್ಡಿನ ಮಾತು ಪೂರ್ತಿ ಸುಳ್ಳೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರಿಯಲ್ಲಿ 14. ಕಷ್ಟದ ಕೇಸುಗಳೆಲ್ಲ ಕೊನೆಗೆ ಸರ್ಕಾರಿಗೇ ಬರುತ್ತವೆ, ಆದರೂ ಹೀಗೆ.

ಇನ್ನೊಂದು. ಪ್ರಯತ್ನ ಮಾಡಿ, ಆಗದೆ, ಕೊನೇ ಗಳಿಗೆಯಲ್ಲಿ ಆಪರೇಷನ್ ಆದರೆ ಅದು ಮೊದಲೇ ಗೊತ್ತುಮಾಡಿದ್ದಕ್ಕಿಂತ ಕಷ್ಟ. ರಕ್ತ ಹೋಗುವುದು, ನಂಜಾಗುವುದು ಜಾಸ್ತಿ. ಅದನ್ನೂ ಒಪ್ಪಿಕೊಂಡೇ ಇಳಿಯಬೇಕು. ದಿನ ದಾಟಿದರೂ ನೋವು ಬರದಿದ್ದರೆ ಏನು ಮಾಡ್ತೀರಿ ಅಂತ ಡಾಕ್ಟರನ್ನು ಈಗಲೇ ಕೇಳಿ. ಹಳೇ ಗಾಯ ಇರುವವರಿಗೆ ನೋವು ಬರಿಸುವ ಮಾತ್ರೆಯನ್ನು ಎಲ್ಲರಿಗೂ ಇಟ್ಟ ಹಾಗೆ ಇಡುವಂತಿಲ್ಲ.

ಶಿವಮೊಗ್ಗದಲ್ಲೇ ಅಂತಾದರೆ ಕೊನೆಯ ಎರಡು ಮೂರು ವಾರ ಅಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಇದ್ದುಬಿಡಿ. ಹೊಸನಗರದಿಂದ ಬಿಸಿಲಲ್ಲೇ ಎರಡು ಗಂಟೆ ಹಿಡಿಯುತ್ತದೆ, ಮರ ಬಿದ್ದರೆ ಲೆಕ್ಕವೇ ಇಲ್ಲ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ಇದೆ, ಡಾಕ್ಟರೇ ನೋಡುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಆ ದಿನ ಹೋಗಿ. ಬೆಳಿಗ್ಗೆ ಬೇಗ ಹೋಗಿ.

– ನಿವೃತ್ತ ಸಿಸ್ಟರ್, ಸೊರಬ

*

ಮೂರನೆಯದು ಬೇಕು ಅಂತಿದೆಯಾ? ಇದ್ದರೆ ಈಗಲೇ ಯೋಚಿಸಿ. ಕೊಯ್ದಷ್ಟೂ ಸಲ ಮಾಸು ಹಳೇ ಗಾಯಕ್ಕೆ ಕಚ್ಚಿಕೊಳ್ಳುವುದು ಜಾಸ್ತಿಯಾಗುತ್ತದೆ. ನನಗೆ ಹಾಗಾಗಿ ಗರ್ಭಕೋಶವನ್ನೇ ತೆಗೆದರು.

– ಶಿಕಾರಿಪುರ

*

ನಿಮ್ಮ ಪತ್ರದಲ್ಲಿ ನನಗೆ ಕೋಪ ಬಂದಿದ್ದು ಒಂದೇ ಸಾಲಿಗೆ. "ಈ ಸಲವಾದರೂ ಸರಿಯಾಗಿ ಹೆರಬೇಕು" ಅಂತ ಬರೆದಿದ್ದೀರಿ. ಹೋದ ಸಲ ತಪ್ಪಾಗಿ ಹೆತ್ತಿರಾ? ನನಗೆ ಎರಡೂ ಆಪರೇಷನ್. ಎರಡನೆಯದನ್ನು ನಾನೇ ಕೇಳಿ ಮಾಡಿಸಿಕೊಂಡೆ. ಮೊದಲ ಸಲದ ಆ ರಾತ್ರಿ ಇನ್ನೊಮ್ಮೆ ಬೇಡ ಅನ್ನಿಸಿತು, ಅಷ್ಟೇ. 39 ವಾರ ಕಳೆದು ಒಂದು ಸೋಮವಾರ ಹೋದೆ, ಶುಕ್ರವಾರ ಮನೆಗೆ ಬಂದೆ. ನಾಮಕರಣದ ದಿನ ನಮ್ಮ ಚಿಕ್ಕತ್ತೆ "ನಿಂಗೇನೇ, ನೋವೇ ತಿನ್ಲಿಲ್ಲ" ಅಂದರು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಮಳೆಗಾಲ ಪೂರ್ತಿ ಕೆಮ್ಮಿದವಳು ನಾನು. ಒಂದೊಂದು ಕೆಮ್ಮಿಗೂ ದಿಂಬು ಒತ್ತಿ ಹಿಡ್ಕೋಬೇಕು. ಅದು ನೋವಲ್ಲವಾ? ನಾರ್ಮಲ್ ಆಗಲಿ ಅಂತ ಹಾರೈಸುತ್ತೇನೆ. ಆಗದಿದ್ದರೆ ಸೋತೆ ಅಂತ ಮಾತ್ರ ಬರೆಯಬೇಡಿ.

– ಶಾಲಾ ಶಿಕ್ಷಕಿ, ಶಿವಮೊಗ್ಗ

*

ಗಂಡಸರಿಂದ ಬಂದ ಪತ್ರಗಳು ಮೂರೇ. ಒಂದು ಮೇಷ್ಟ್ರದು. ಇನ್ನೊಂದು ಆಸ್ಪತ್ರೆ ಬಿಲ್ಲಿನ ಬಗ್ಗೆ. ಮೂರನೆಯದು ಇದು.

*

ಇದು ಆಕೆಯ ಗಂಡನಿಗೆ. ತಮ್ಮಾ, ನಾನೂ "ನಿನ್ನಿಷ್ಟ" ಅಂದವನೇ. 2016ರ ಮಳೆಗಾಲ. ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನ ಈಚೆ. ದಿನ ತುಂಬಲು ಒಂದು ವಾರ ಇರುವಾಗ ಆಶಾ ಕಾರ್ಯಕರ್ತೆ ಬಂದು ಸಾಗರಕ್ಕೆ ಹೋಗಿ ಇದ್ದುಬಿಡಿ ಅಂದಳು. ನಾನು ಹೆಂಡತಿಗೆ ನಿನ್ನಿಷ್ಟ ಅಂದೆ. ಅವಳು ಇಲ್ಲೇ ಇರ್ತೀನಿ ಅಂದಳು. ಎಷ್ಟು ಒಳ್ಳೆ ಗಂಡ ನಾನು ಅಂದುಕೊಂಡೆ.

ರಾತ್ರಿ ನೀರು ಒಡೆಯಿತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಲಾಂಚಿನವರನ್ನು ಎಬ್ಬಿಸಿ, ಜೀಪು ಹತ್ತಿಸಿ ದಾಟುವಾಗ ಒಂದೂವರೆ ಗಂಟೆ ಹೋಗಿತ್ತು. ಅವಳು ನನ್ನ ಮುಂಗೈ ಕಚ್ಚಿ ಹಿಡಿದಿದ್ದಳು, ಕೂಗಲಿಲ್ಲ. ಸಾಗರ ಮುಟ್ಟಿ ಇಪ್ಪತ್ತು ನಿಮಿಷಕ್ಕೆ ಮಗಳು ಹುಟ್ಟಿದಳು. ನಮ್ಮ ಪುಣ್ಯ. ಆಮೇಲೆ ಕೇಳಿದೆ, ಯಾಕೆ ಇಲ್ಲೇ ಇರ್ತೀನಿ ಅಂದೆ ಅಂತ. ಸಾಗರದಲ್ಲಿ ರೂಮು ಮಾಡಿದರೆ ಖರ್ಚು, ದನ ಕರೆಯೋರಿಲ್ಲ, ಅತ್ತೆಗೆ ಮಂಡಿನೋವು ಅಂದಳು. ಅವಳ ಇಷ್ಟದಲ್ಲಿ ಅವಳೇ ಇರಲಿಲ್ಲ.

2025ರ ಜುಲೈನಿಂದ ನಮಗೆ ಸೇತುವೆ ಇದೆ. ನಿಮ್ಮ ಊರಿನ ದಾರಿ ಹೇಗಿದೆ ನನಗೆ ಗೊತ್ತಿಲ್ಲ. ಶಿವಮೊಗ್ಗದಲ್ಲಿ ರೂಮು ನೀನೇ ನೋಡು. ದನ ನೀನೇ ಕರಿ. ಆಮೇಲೆ ಕೇಳು ಅವಳನ್ನ.

– ತುಮರಿ

*

ಸೊರಬದ ಮತ್ತು ತೀರ್ಥಹಳ್ಳಿಯ ಪತ್ರಗಳನ್ನು ಸಂಚಿಕೆ ಬರುವವರೆಗೆ ಇಟ್ಟುಕೊಳ್ಳದೆ ಹೊಸನಗರಕ್ಕೆ ಮೊದಲೇ ಕಳಿಸಿದ್ದೆವು. ವಾರಗಳು ಓಡುತ್ತಿದ್ದವಲ್ಲ. ನಿನ್ನೆ ಉತ್ತರ ಬಂತು:

"ಡಿಸ್ಚಾರ್ಜ್ ಚೀಟಿ ಅಟ್ಟದ ಟ್ರಂಕಿನಲ್ಲಿ, ಮಗಳ ಮೊದಲ ಸ್ವೆಟರ್ ಕೆಳಗೆ ಸಿಕ್ಕಿತು. ಒಂದು ಮೂಲೆ ಗೆದ್ದಲು ತಿಂದಿದೆ, ಆದರೂ ಓದಬಹುದು. ನನ್ನ ಸೊಂಟ ಚಿಕ್ಕದು, ಅದಕ್ಕೇ ಆಪರೇಷನ್ ಆಯ್ತು ಅಂತ ನಾಲ್ಕು ವರ್ಷ ಅಂದುಕೊಂಡಿದ್ದೆ. ಹಾಗೆ ಯಾರು ಹೇಳಿದರೋ ನೆನಪಿಲ್ಲ. ಚೀಟಿಯಲ್ಲಿ ಅದಿಲ್ಲ. ಮಗುವಿನ ಎದೆಬಡಿತ ಇಳಿದಿದ್ದಕ್ಕೆ ಅಂತ ಇದೆ. ಕೊಯ್ದಿದ್ದು ಕೆಳಗೆ, ಅಡ್ಡಕ್ಕೆ. ಚೀಟಿ ತಗೊಂಡು 9ನೇ ತಾರೀಕು ಶಿವಮೊಗ್ಗಕ್ಕೆ ಹೋಗ್ತಿದ್ದೇವೆ. ಅತ್ತೆಯೂ ಬರ್ತಾರಂತೆ. ತೀರ್ಥಹಳ್ಳಿ ಅಕ್ಕನ ಪತ್ರ ಓದಿದ ಮೇಲೆ ಅವರು ಆ ತಾರೀಕಿನ ಮಾತು ಎತ್ತಿಲ್ಲ. ಬೇಡ ಅಂತಲೂ ಅಂದಿಲ್ಲ. ಸಾಗರದ ಕಡೆಯ ಪತ್ರವನ್ನೂ ನೀವು ಫೋನಿನಲ್ಲಿ ಓದಿ ಹೇಳಿದ್ದಿರಿ. ಅಜ್ಜಿಗೆ ತಿಳಿಸಿ, ಕಟ್ಟಿಗೆ ಒಳಗೆ ಹಾಕಿಸಿ ಆಯ್ತು."