ಹಂಚಿದ ಹೂವಿನ ಚಿತ್ರಗಳು ತೆರೆಯುವುದಿಲ್ಲ, ತೆರೆದರೂ ಬಣ್ಣ ಕೆಟ್ಟಿರುತ್ತದೆ: ಏನು ಮಾಡಬೇಕು?

ಪ್ರಶ್ನೆ: ಮೊಗ್ಗುಗಣ್ಣು

ಎಲ್ಲರಿಗೂ ನಮಸ್ಕಾರ. ಹೂವುಗಳನ್ನು ಬೆಳೆಸುವ ಮತ್ತು ಗುರುತಿಸುವ ಹವ್ಯಾಸಿಗಳ ಎರಡು ಗುಂಪುಗಳಲ್ಲಿ ನಾನು ಬಹುಕಾಲದಿಂದ ಸದಸ್ಯೆಯಾಗಿದ್ದೇನೆ. ಕೆಲವು ತಿಂಗಳುಗಳಿಂದ ಅಲ್ಲಿ ಬರುವ ಚಿತ್ರಗಳಲ್ಲಿ ಅರ್ಧದಷ್ಟನ್ನು ನೋಡಲಾಗದೆ, ಉಳಿದವರ ಮೆಚ್ಚುಗೆಯ ಮಾತುಗಳನ್ನಷ್ಟೇ ಓದಿ ಸುಮ್ಮನಾಗುತ್ತಿದ್ದೇನೆ. ತೊಂದರೆ ಒಂದೇ ಬಗೆಯದಾಗಿದ್ದರೆ ಹೇಗೋ ದಾರಿ ಕಂಡುಕೊಳ್ಳುತ್ತಿದ್ದೆ. ಆದರೆ ಅದು ದಿನಕ್ಕೊಂದು ರೂಪ ತಾಳುತ್ತಿದೆ.

ಕೆಲವರ ಸಂದೇಶದಲ್ಲಿ ಹೂವಿನ ಬದಲು ಫೈಲಿನ ಹೆಸರು ಮಾತ್ರ ಕಾಣಿಸುತ್ತದೆ. ಇಳಿಸಿಕೊಂಡರೂ ನನ್ನ ಹಳೆಯ ವಿಂಡೋಸ್ ಕಂಪ್ಯೂಟರ್ ಅದನ್ನು ತೆರೆಯುವುದಿಲ್ಲ. ಇಂತಹ ಫೈಲುಗಳ ಹೆಸರಿನ ಕೊನೆಯಲ್ಲಿ ಎಚ್‌ಇಐಸಿ ಎಂದಿರುತ್ತದೆ. ಅದನ್ನು ಅಳಿಸಿ ಜೆಪಿಜಿ ಎಂದು ಬರೆದು ನೋಡಿದೆ, ಪ್ರಯೋಜನವಾಗಲಿಲ್ಲ. ಇನ್ನು ಕೆಲವರು ಚಿತ್ರದ ಬದಲು ಕೊಂಡಿಯನ್ನು ಕಳುಹಿಸುತ್ತಾರೆ. ಅದನ್ನು ಒತ್ತಿದರೆ ಅನುಮತಿಗಾಗಿ ಕೋರಿಕೆ ಸಲ್ಲಿಸಬೇಕೆಂಬ ಸೂಚನೆ ಬರುತ್ತದೆ, ಅನುಮತಿ ಸಿಗುವಷ್ಟರಲ್ಲಿ ಚರ್ಚೆ ಬೇರೊಂದು ಹೂವಿಗೆ ಹೋಗಿರುತ್ತದೆ. ಹಳೆಯ ಚರ್ಚೆಗಳಲ್ಲಂತೂ ಚಿತ್ರವಿರಬೇಕಾದ ಜಾಗದಲ್ಲಿ ಹರಿದ ಕಾಗದದಂತಹ ಸಣ್ಣ ಗುರುತಷ್ಟೇ ಉಳಿದಿದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಾನೇ ಹಾಕಿದ ಚಿತ್ರ. ಕೆಂಪು ದಾಸವಾಳವೊಂದನ್ನು ಫೋನಿನಲ್ಲಿ ತೆಗೆದು ತಳಿ ಯಾವುದೆಂದು ಕೇಳಿದ್ದೆ. ನನ್ನ ಫೋನಿನಲ್ಲಿ ಎಸಳಿನ ನರಗಳು ಸಾಧಾರಣವಾಗಿ ಕಾಣುತ್ತಿದ್ದವು, ಬಣ್ಣವೂ ಮಖಮಲ್ಲಿನಂತಿತ್ತು. ಗುಂಪಿನ ಮೂವರು ಮಾತ್ರ ತಮಗೆ ಕೆಂಪು ಬಣ್ಣ ಬಳಿದ ತಟ್ಟೆಯ ಹಾಗೆ ಕಾಣುತ್ತಿದೆಯೆಂದರು, ಒಬ್ಬರು ಅದನ್ನು ಕಿತ್ತಳೆ ಬಣ್ಣದ ಹೂವೆಂದೇ ತಿಳಿದು ಉತ್ತರಿಸಿದರು. ತಪ್ಪು ನನ್ನ ಉಪಕರಣದ್ದೇ, ಕಳುಹಿಸುವವರದ್ದೇ, ಅಥವಾ ನಡುವಿನ ವ್ಯವಸ್ಥೆಯದ್ದೇ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ನಿಧಾನಿ

ನೀವು ಹೇಳಿರುವುದು ಒಂದೇ ತೊಂದರೆಯಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ತೊಂದರೆಗಳು ಒಟ್ಟಿಗೆ ಬಂದಿವೆ. ನನಗೆ ಚೆನ್ನಾಗಿ ಗೊತ್ತಿರುವುದು ಫೈಲಿನ ವಿಷಯ, ಅದನ್ನಷ್ಟೇ ಹೇಳುತ್ತೇನೆ.

ಎಚ್‌ಇಐಸಿ ಎಂಬುದು ಚಿತ್ರವನ್ನು ಕುಗ್ಗಿಸಿಡುವ ಹೊಸ ವಿಧಾನ. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನುಗಳು ಚಿತ್ರಗಳನ್ನು ಈ ರೂಪದಲ್ಲಿ ಉಳಿಸತೊಡಗಿದವು. ಹೆಚ್ಚುಕಡಿಮೆ ಅದೇ ಗುಣಮಟ್ಟದ ಜೆಪೆಗ್ (ನೀವು ಬರೆದ ಜೆಪಿಜಿಯೂ ಇದೇ) ಚಿತ್ರಕ್ಕೆ ಬೇಕಾಗುವ ಜಾಗದ ಅರ್ಧದಷ್ಟರಲ್ಲಿ ಅದು ಹಿಡಿಸುವುದರಿಂದ ಫೋನಿನ ಮಾಲೀಕರಿಗೆ ಲಾಭವೇ. ಆದರೆ ಜೆಪೆಗ್ 1992ರಿಂದ ಬಳಕೆಯಲ್ಲಿರುವ ಕಾರಣ ಅದನ್ನು ಓದಲಾರದ ಯಂತ್ರವೇ ಇಲ್ಲವೆನ್ನಬಹುದು; ಎಚ್‌ಇಐಸಿಗೆ ಆ ಭಾಗ್ಯವಿಲ್ಲ. ಬ್ರೌಸರ್‌ಗಳಲ್ಲಿ ಐಫೋನ್ ತಯಾರಕರದೇ ಆದ ಸಫಾರಿ ಕೂಡ ಅದನ್ನು ನೇರವಾಗಿ ತೋರಿಸಲು ಆರಂಭಿಸಿದ್ದು 2023ರ 17ನೆಯ ಆವೃತ್ತಿಯಲ್ಲಿ. ವಿಂಡೋಸ್ 10ರಲ್ಲಿ ಪೂರಕ ತಂತ್ರಾಂಶವನ್ನು ಸೇರಿಸಿಕೊಂಡರೆ ಅದು ತೆರೆಯುತ್ತದೆ, ಅದಕ್ಕೂ ಹಿಂದಿನ ವಿಂಡೋಸ್‌ಗಳಲ್ಲಿ ಬೇರೆಯವರ ತಂತ್ರಾಂಶದ ನೆರವು ಬೇಕು.

ಹೆಸರು ಬದಲಿಸಿದ್ದರಿಂದ ಪ್ರಯೋಜನವಾಗದಿರುವುದು ಸಹಜ. ಡಬ್ಬಿಯ ಮೇಲಿನ ಚೀಟಿಯನ್ನು ಬದಲಿಸಿದರೆ ಒಳಗಿನ ಪದಾರ್ಥ ಬದಲಾಗುವುದಿಲ್ಲವಷ್ಟೇ. ಕೈಗೆ ಬಂದ ಫೈಲನ್ನು ನೋಡಲೇಬೇಕಿದ್ದರೆ ಅದನ್ನು ತೆರೆಯಬಲ್ಲ ಯಾವುದಾದರೂ ತಂತ್ರಾಂಶದಲ್ಲಿ ತೆರೆದು, ಜೆಪೆಗ್ ಆಗಿ ಮತ್ತೊಮ್ಮೆ ಉಳಿಸಿಕೊಳ್ಳಬೇಕು. ಆದರೆ ಇನ್ನೂರು ಜನ ಓದುಗರು ಒಬ್ಬೊಬ್ಬರಾಗಿ ಹೀಗೆ ಪರದಾಡುವುದಕ್ಕಿಂತ ಕಳುಹಿಸುವ ಒಬ್ಬರು ಎಚ್ಚರ ವಹಿಸುವುದು ನ್ಯಾಯ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ವಿಭಾಗದೊಳಗಿನ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಮುಂದಿನ ಚಿತ್ರಗಳೆಲ್ಲ ಜೆಪೆಗ್ ಆಗಿಯೇ ಉಳಿಯುತ್ತವೆ. ಇದನ್ನು ಗುಂಪಿನ ನಿಯಮಗಳ ಜೊತೆಗೆ ಬರೆದಿಡಲು ನಿರ್ವಾಹಕರನ್ನು ಕೇಳಿಕೊಳ್ಳಿ.

ಉತ್ತರ: ಎಲೆಮರೆ

ಇಷ್ಟೆಲ್ಲ ಕಷ್ಟವೇಕೆ? ನಾನು ಚಿತ್ರವನ್ನು ಪರದೆಯ ಮೇಲೆ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕುತ್ತೇನೆ. ಇದುವರೆಗೆ ಯಾರೂ ತೆರೆಯುವುದಿಲ್ಲವೆಂದು ದೂರಿಲ್ಲ.

ಕೊಂಡಿಗಳ ವಿಷಯದಲ್ಲಿ ಮಾತ್ರ ಒಂದು ಮಾತು. ಗೂಗಲ್ ಡ್ರೈವ್‌ನಂತಹ ಸಂಗ್ರಹಗಳಲ್ಲಿ ಹೊಸ ಫೈಲು ಮೊದಲಿಗೆ ಮಾಲೀಕರಿಗೆ ಮಾತ್ರ ತೆರೆದಿರುತ್ತದೆ. ಕೊಂಡಿ ಇರುವ ಯಾರಾದರೂ ನೋಡಬಹುದು ಎಂದು ನಾವೇ ಬದಲಿಸಬೇಕು. ಕಳುಹಿಸಿದವರು ತಮ್ಮ ಖಾತೆಯಲ್ಲೇ ಇರುವುದರಿಂದ ಅವರಿಗೆ ಅದು ಸರಾಗವಾಗಿ ತೆರೆಯುತ್ತದೆ, ಹಾಗಾಗಿ ಬಾಗಿಲು ಮುಚ್ಚಿದೆಯೆಂಬ ಅನುಮಾನವೇ ಅವರಿಗೆ ಬರುವುದಿಲ್ಲ. ಹಾಕುವ ಮುನ್ನ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಅಂದರೆ ಯಾವ ಖಾತೆಗೂ ಪ್ರವೇಶಿಸದ ಕಿಟಕಿಯಲ್ಲಿ, ಆ ಕೊಂಡಿಯನ್ನು ತೆರೆದು ನೋಡಿದರೆ ಅರೆ ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಚಿತ್ರದ ಮೇಲೆ ಬಲಗುಂಡಿ ಒತ್ತಿ ನಕಲು ಮಾಡಿಕೊಂಡ ಉದ್ದನೆಯ ವಿಳಾಸಗಳನ್ನಂತೂ ನಂಬಬಾರದು. ಅವುಗಳಲ್ಲಿ ಹಲವು ತಾತ್ಕಾಲಿಕವಾದವು, ಇಂದು ತೆರೆದದ್ದು ನಾಳೆ ತೆರೆಯದಿರಬಹುದು.

ಉತ್ತರ: ಬೆಳಕುಕಿಂಡಿ

ಎಲೆಮರೆಯವರ ಸ್ಕ್ರೀನ್‌ಶಾಟ್ ಸಲಹೆಗೆ ನನ್ನ ಸ್ಪಷ್ಟ ವಿರೋಧವಿದೆ. ಸುಂದರವಾದ ಹೂವನ್ನು ನಾಲ್ಕು ಜನರಿಗೆ ತೋರಿಸಿ ಸಂತೋಷಪಡುವುದಕ್ಕೆ ಅದು ಸಾಕು. ತಳಿಯನ್ನು ಗುರುತಿಸಲು ಕೇಳುತ್ತಿರುವಾಗ ಅದು ಸಾಲದು, ಏಕೆಂದರೆ ಪರದೆಯಲ್ಲಿರುವಷ್ಟೇ ಬಿಂದುಗಳು (ಪಿಕ್ಸೆಲ್‌ಗಳು) ಅದರಲ್ಲಿ ಉಳಿಯುತ್ತವೆ. ಎಸಳಿನ ಅಂಚಿನ ರೋಮ, ಕೇಸರಗಳ ಜೋಡಣೆ, ತೊಟ್ಟಿನ ಮೇಲಿನ ಗೆರೆಗಳು ಎಲ್ಲವೂ ಅಲ್ಲಿಯೇ ಕಳೆದುಹೋಗುತ್ತವೆ. ವಾಟ್ಸ್ಯಾಪ್ ಮೂಲಕ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೂ ಇದೇ ಕಥೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಫೈಲು ಹಾಗೆಯೇ ತಲುಪುತ್ತದೆ.

ಈಗ ನಿಮ್ಮ ದಾಸವಾಳಕ್ಕೆ ಬರೋಣ. ಅದೊಂದು ಚಿತ್ರದಲ್ಲಿ ನನ್ನ ಅಂದಾಜಿನಂತೆ ಕೆಂಪಿಗೆ ಮೂರು ಕಡೆ ಪೆಟ್ಟು ಬಿದ್ದಿದೆ.

ಮೊದಲನೆಯದು ಕ್ಯಾಮೆರಾದಲ್ಲಿಯೇ. ಜೆಪೆಗ್ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳಿರುತ್ತವೆ, ಪ್ರತಿಯೊಂದೂ 0ಯಿಂದ 255ರವರೆಗೆ ಇರಬಹುದು. ಬೆಳಕಿನ ಪ್ರಮಾಣವನ್ನು ಅಳೆಯುವಾಗ ಹಸಿರಿಗೆ ಹೆಚ್ಚಿನ ತೂಕ ಸಿಗುತ್ತದೆ. ಹಳೆಯ ಟೆಲಿವಿಷನ್ ಸೂತ್ರದ ಪ್ರಕಾರ ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು 59 ಶೇಕಡ, ಕೆಂಪಿನದು 30, ನೀಲಿಯದು 11. ಹೀಗಾಗಿ ಚೌಕಟ್ಟಿನ ತುಂಬ ಕೆಂಪು ಹೂವೇ ಇದ್ದಾಗ ಕ್ಯಾಮೆರಾ ದೃಶ್ಯವನ್ನು ಮಬ್ಬೆಂದು ತಿಳಿದು ಇನ್ನಷ್ಟು ಬೆಳಕನ್ನು ಒಳಗೆ ಬಿಡಬಹುದು. ಆಗ ಕೆಂಪಿನ ಬೆಲೆ ಎಸಳಿನ ಉದ್ದಗಲಕ್ಕೂ 255ಕ್ಕೆ ತಗುಲಿ ನಿಂತುಬಿಡುತ್ತದೆ. ನರಕ್ಕೂ ಅದರ ಪಕ್ಕದ ಭಾಗಕ್ಕೂ ಇದ್ದ ವ್ಯತ್ಯಾಸ ಅಳಿಸಿಹೋಗಿ, ಹಸಿರಿನ ಅಂಶ ಮಾತ್ರ ಏರುತ್ತಾ ಹೋಗುವುದರಿಂದ ಹೂವು ಕಿತ್ತಳೆಯತ್ತ ವಾಲುತ್ತದೆ. ನಿಮಗೆ ಉತ್ತರಿಸಿದವರು ಅದನ್ನು ಕಿತ್ತಳೆ ಹೂವೆಂದುಕೊಂಡದ್ದು ಅವರ ಕಣ್ಣಿನ ದೋಷವಲ್ಲ. ಪರಿಹಾರ ಸುಲಭ: ತೆಗೆಯುವಾಗಲೇ ಬೆಳಕನ್ನು ಸ್ವಲ್ಪ ಇಳಿಸಬೇಕು. ಫೋನಿನಲ್ಲಿ ಹೂವಿನ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆಳೆದರೆ ಸಾಕಾಗುತ್ತದೆ, ದೊಡ್ಡ ಕ್ಯಾಮೆರಾ ಇದ್ದವರು ಮೂರೂ ಬಣ್ಣಗಳ ಹಿಸ್ಟೋಗ್ರಾಂ ಅನ್ನು, ಅಂದರೆ ಯಾವ ಬೆಲೆಯ ಬಿಂದುಗಳು ಎಷ್ಟಿವೆಯೆಂದು ತೋರಿಸುವ ನಕ್ಷೆಯನ್ನು, ಬೇರೆಬೇರೆಯಾಗಿ ನೋಡಬೇಕು. ಬಿರುಬಿಸಿಲಿಗಿಂತ ನೆರಳಿನಲ್ಲಿ ತೆಗೆದ ಕೆಂಪು ಹೂವು ಎಷ್ಟೋ ವಾಸಿ.

ಎರಡನೆಯದು ಬಣ್ಣದ ವ್ಯಾಪ್ತಿ. ಅಂತರ್ಜಾಲದ ಬಹುಪಾಲು ಚಿತ್ರಗಳು 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಎಂಬ ಅಳತೆಯನ್ನು ಅನುಸರಿಸುತ್ತವೆ. ಇಂದಿನ ಹಲವು ಫೋನುಗಳು ಡಿಸ್‌ಪ್ಲೇ ಪಿ3 ಎಂಬ ಇನ್ನೂ ವಿಶಾಲವಾದ ಅಳತೆಯಲ್ಲಿ ಚಿತ್ರ ತೆಗೆಯುತ್ತವೆ, ತಮ್ಮ ಪರದೆಯಲ್ಲಿ ಅದನ್ನು ಪೂರ್ತಿಯಾಗಿ ತೋರಿಸುತ್ತವೆ. ಯಾವ ಅಳತೆಯನ್ನು ಬಳಸಲಾಗಿದೆ ಎಂಬುದನ್ನು ಹೇಳುವ ಪುಟ್ಟ ಟಿಪ್ಪಣಿಯೊಂದು ಫೈಲಿನೊಳಗೇ ಇರುತ್ತದೆ, ಅದಕ್ಕೆ ಕಲರ್ ಪ್ರೊಫೈಲ್ ಎನ್ನುತ್ತಾರೆ. ಗುಂಪಿನ ವ್ಯವಸ್ಥೆ ಚಿತ್ರವನ್ನು ಕಿರಿದಾಗಿಸುವಾಗ ಈ ಟಿಪ್ಪಣಿಯನ್ನು ಕಿತ್ತುಹಾಕಿದರೆ, ನೋಡುವವರ ಯಂತ್ರ ಆ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದೇ ಓದುತ್ತದೆ, ಬಣ್ಣ ಕಳೆಗುಂದುತ್ತದೆ. ಪಿ3ಯಲ್ಲಿ ಮಾತ್ರ ಹಿಡಿಸುವ ಗಾಢ ಕೆಂಪನ್ನು ಚಿಕ್ಕ ವ್ಯಾಪ್ತಿಗೆ ಒತ್ತಿ ತುಂಬಿದರೆ ಹತ್ತಾರು ಛಾಯೆಗಳು ಸೇರಿ ಒಂದೇ ಆಗಿ, ಮತ್ತೆ ಅದೇ ತಟ್ಟೆ. ಹಾಕುವ ಮುನ್ನ ನೀವೇ ಎಸ್‌ಆರ್‌ಜಿಬಿಗೆ ಬದಲಿಸಿ ಒಮ್ಮೆ ಕಣ್ಣಾರೆ ನೋಡಿದರೆ ಅನಿರೀಕ್ಷಿತ ಬದಲಾವಣೆಗಳು ತಪ್ಪುತ್ತವೆ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಮ್ಮ ಕಣ್ಣು ಹೊಳಪಿನ ಸೂಕ್ಷ್ಮಗಳನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮಗಳನ್ನು ಗುರುತಿಸುವುದಿಲ್ಲವೆಂಬ ಆಧಾರದ ಮೇಲೆ, ಜೆಪೆಗ್ ಕುಗ್ಗಿಸುವಾಗ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿ, ಅಂದರೆ ನಾಲ್ಕು ಬಿಂದುಗಳಿಗೆ ಒಂದರಂತೆ, ಉಳಿಸುತ್ತಾರೆ. ಬಿಳಿ ಮಲ್ಲಿಗೆಯ ಚಿತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅದರ ಸೊಗಸೆಲ್ಲ ಹೊಳಪಿನಲ್ಲಿಯೇ ಇದೆ. ಅಚ್ಚ ಕೆಂಪು ಎಸಳಿನ ಮೇಲಿನ ಕೆಂಪು ನರಗಳ ವಿವರದ ಬಹುಪಾಲು ಇರುವುದು ಬಣ್ಣದ ವ್ಯತ್ಯಾಸದಲ್ಲಿ. ಆದ್ದರಿಂದ ಅದೇ ಮೊದಲು ಕಲಸಿಹೋಗುತ್ತದೆ. ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಮತ್ತೆ ಕುಗ್ಗಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ.

ಇದು ಡಿಜಿಟಲ್ ಕಾಲದಲ್ಲಿ ಹುಟ್ಟಿದ ಗೋಳೇನೂ ಅಲ್ಲವೆಂಬುದನ್ನು ಹಾಗೆಯೇ ಹೇಳಿಬಿಡುತ್ತೇನೆ. ರೀಲು ಹಾಕಿ ಚಿತ್ರ ತೆಗೆಯುತ್ತಿದ್ದಾಗ ಕೆಲವು ನೀಲಿ ಹೂವುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಬರುತ್ತಿದ್ದವು, ಏಕೆಂದರೆ ಅವು ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಅತಿಕೆಂಪಿನ ಬೆಳಕನ್ನೂ ಪ್ರತಿಫಲಿಸುತ್ತವೆ ಮತ್ತು ರೀಲಿನ ಕೆಂಪು ಪದರ ಅದನ್ನು ಗ್ರಹಿಸುತ್ತಿತ್ತು. ಅಜೆರೇಟಂ ಎಂಬ ಹೂವಿನಲ್ಲಿ ಅದು ಎದ್ದು ಕಾಣುತ್ತಿದ್ದರಿಂದ ಆ ದೋಷಕ್ಕೆ ಆ ಹೂವಿನ ಹೆಸರೇ ಅಂಟಿಕೊಂಡಿತ್ತು.

ಪ್ರತಿಕ್ರಿಯೆ: ಮೊಗ್ಗುಗಣ್ಣು

ಮೂವರಿಗೂ ಧನ್ಯವಾದಗಳು. ಎಚ್‌ಇಐಸಿ ಫೈಲುಗಳನ್ನು ಜೆಪೆಗ್‌ಗೆ ಬದಲಿಸಿಕೊಂಡು ಕಳೆದ ವಾರದ ಹದಿನಾಲ್ಕು ಚಿತ್ರಗಳನ್ನು ಒಂದೇ ಸಂಜೆಯಲ್ಲಿ ನೋಡಿ ಮುಗಿಸಿದೆ. ಅವುಗಳಲ್ಲಿ ಎರಡು ಆರ್ಕಿಡ್ ಚಿತ್ರಗಳು ಮಾತ್ರ ಅಡ್ಡಡ್ಡ ಮಲಗಿವೆ. ಹಳೆಯ ಚರ್ಚೆಗಳಲ್ಲಿ ಕಾಣೆಯಾದ ಚಿತ್ರಗಳನ್ನು ಮರಳಿ ಪಡೆಯುವ ದಾರಿ ಏನಾದರೂ ಇದೆಯೇ?

ಉತ್ತರ: ನಿಧಾನಿ

ಮಲಗಿರುವ ಚಿತ್ರಗಳಿಗೆ ಕಾರಣ ಎಕ್ಸಿಫ್ ಮಾಹಿತಿ, ಅಂದರೆ ಚಿತ್ರದ ಜೊತೆಗೆ ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ವಿವರಗಳು. ಫೋನನ್ನು ಹೇಗೆ ಹಿಡಿದರೂ ಚಿತ್ರ ಒಂದೇ ದಿಕ್ಕಿನಲ್ಲಿ ದಾಖಲಾಗಿ, ತೋರಿಸುವಾಗ ಎತ್ತ ತಿರುಗಿಸಬೇಕೆಂಬುದು 1ರಿಂದ 8ರವರೆಗಿನ ಒಂದು ಅಂಕಿಯಾಗಿ ಫೈಲಿನೊಳಗೆ ಸೇರುತ್ತದೆ. ಹಳೆಯ ತಂತ್ರಾಂಶಗಳು ಈ ಅಂಕಿಯನ್ನು ಲೆಕ್ಕಿಸುವುದಿಲ್ಲ. ತಿರುಗಿಸಿ ಉಳಿಸಿಕೊಂಡರೆ ಸರಿಹೋಗುತ್ತದೆ. ಅದೇ ಎಕ್ಸಿಫ್‌ನಲ್ಲಿ ಚಿತ್ರ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಇರಬಹುದು. ಕಾಡಿನ ಅಪರೂಪದ ಆರ್ಕಿಡ್‌ಗಳ ಚಿತ್ರ ಹಾಕುವವರು ಸ್ಥಳದ ವಿವರವನ್ನು ತಪ್ಪದೆ ತೆಗೆದುಹಾಕಬೇಕು. ಗಿಡ ಕಿತ್ತೊಯ್ಯುವವರಿಗೆ ದಾರಿ ತೋರಿಸುವ ಕೆಲಸ ನಮ್ಮಿಂದ ಆಗಬಾರದು.

ಕಾಣೆಯಾದ ಚಿತ್ರಗಳ ವಿಷಯದಲ್ಲಿ ಹೆಚ್ಚು ಭರವಸೆ ಕೊಡಲಾರೆ. ಅವು ಆ ಚರ್ಚೆಯೊಳಗೆ ಯಾವತ್ತೂ ಇರಲೇ ಇಲ್ಲ, ಬೇರೆ ತಾಣದಲ್ಲಿದ್ದ ಚಿತ್ರವನ್ನು ಇಲ್ಲಿಂದ ಬೆರಳು ಮಾಡಿ ತೋರಿಸಲಾಗಿತ್ತು ಅಷ್ಟೇ. ಆ ತಾಣ ಮುಚ್ಚಿದರೆ, ನಿಯಮ ಬದಲಿಸಿದರೆ, ಅಥವಾ ಚಿತ್ರದ ಮಾಲೀಕರು ಖಾತೆಯನ್ನು ತೆಗೆದುಹಾಕಿದರೆ ಬೆರಳು ಮಾತ್ರ ಉಳಿಯುತ್ತದೆ. ಕಾಣೆಯಾದ ಗುರುತಿನ ಮೇಲೆ ಬಲಗುಂಡಿ ಒತ್ತಿ ವಿಳಾಸವನ್ನು ನಕಲು ಮಾಡಿಕೊಂಡು, ಹಳೆಯ ಜಾಲಪುಟಗಳ ಪ್ರತಿಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ ನೋಡಿ. ಸಾರ್ವಜನಿಕ ಗುಂಪುಗಳ ಚಿತ್ರಗಳು ಆಗೊಮ್ಮೆ ಈಗೊಮ್ಮೆ ಅಲ್ಲಿ ಸಿಗುತ್ತವೆ, ಪ್ರವೇಶಪದ ಬೇಕಾಗುವ ಗುಂಪುಗಳದ್ದು ಸಿಗುವ ಸಾಧ್ಯತೆ ಬಹಳ ಕಡಿಮೆ. ಮುಂದಿನ ಚಿತ್ರಗಳನ್ನಾದರೂ ಗುಂಪಿನೊಳಗೇ ನೇರವಾಗಿ ಲಗತ್ತಿಸಿ. ಇಮೇಲ್ ಮೂಲಕ ನಡೆಯುವ ಗುಂಪಾದರೆ ಲಗತ್ತು ಸಾಗುವಾಗ ಮೂಲಕ್ಕಿಂತ ಮೂರನೆಯ ಒಂದು ಭಾಗದಷ್ಟು ಉಬ್ಬುತ್ತದೆಂಬುದನ್ನು ಮರೆಯಬೇಡಿ. ಮಿತಿಗೆ ಸರಿಯಾಗಿ ಹೊಂದಿಸಿದ ಫೈಲು ತಿರಸ್ಕೃತವಾಗುವುದು ಇದೇ ಕಾರಣಕ್ಕೆ.

ಉತ್ತರ: ಎಲೆಮರೆ

ಸ್ಕ್ರೀನ್‌ಶಾಟ್ ವಿಷಯದಲ್ಲಿ ಬೆಳಕುಕಿಂಡಿಯವರ ಮಾತನ್ನು ಒಪ್ಪುತ್ತೇನೆ. ನನ್ನ ಹಳೆಯದೊಂದು ಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು ಹಿಗ್ಗಿಸಿ ನೋಡಿದೆ, ಕೇಸರಗಳ ಜಾಗದಲ್ಲಿ ಹಳದಿ ಮಸುಕು ಮಾತ್ರ ಇತ್ತು. ಆದರೂ ಹತ್ತು ಎಂಬಿ ಗಾತ್ರದ ಮೂಲವನ್ನು ನಿಧಾನಗತಿಯ ಸಂಪರ್ಕವಿರುವವರ ಮೇಲೆ ಹೇರುವುದೂ ಸರಿಯಲ್ಲ. ಉದ್ದನೆಯ ಬದಿಗೆ 2000 ಬಿಂದುಗಳಿರುವಂತೆ ಕಿರಿದಾಗಿಸಿದ ಜೆಪೆಗ್ ನನಗೆ ಒಳ್ಳೆಯ ನಡುದಾರಿಯಾಗಿ ತೋರುತ್ತಿದೆ.

ಪ್ರತಿಕ್ರಿಯೆ: ಮೊಗ್ಗುಗಣ್ಣು

ಇಂದು ಬೆಳಿಗ್ಗೆ ಅದೇ ಗಿಡದ ಇನ್ನೊಂದು ದಾಸವಾಳವನ್ನು ನೆರಳಿನಲ್ಲಿ, ಬೆಳಕನ್ನು ಸ್ವಲ್ಪ ಇಳಿಸಿ ತೆಗೆದು, ಎಸ್‌ಆರ್‌ಜಿಬಿಗೆ ಬದಲಿಸಿ, ಎಲೆಮರೆಯವರು ಹೇಳಿದ ಅಳತೆಯಲ್ಲಿಯೇ ಹಾಕಿದೆ. ಫೋನಿನಲ್ಲಿ ನೋಡಿದರೆ ಮೊದಲಿನದಕ್ಕಿಂತ ಮಂಕಾಗಿದೆ. ಗುಂಪಿನವರಿಗೆ ಮಾತ್ರ ಈ ಬಾರಿ ನರಗಳು ಕಾಣುತ್ತಿವೆಯಂತೆ, ಕಿತ್ತಳೆ ಎಂದಿದ್ದವರು ತಮ್ಮ ಉತ್ತರವನ್ನು ಹಿಂತೆಗೆದುಕೊಂಡಿದ್ದಾರೆ. ತಳಿಯ ಹೆಸರು ಹೇಳಲು ಹೂವಿನ ಹಿಂಬದಿಯ ಹಸಿರು ಸುತ್ತುಗಳೂ ಎಲೆಯ ಅಂಚೂ ಕಾಣಬೇಕೆಂದು ಈಗ ಕೇಳುತ್ತಿದ್ದಾರೆ. ಹೂವು ಸಂಜೆಯ ಹೊತ್ತಿಗೆ ಮುದುಡಿಹೋಯಿತು, ನಾಳೆ ಇನ್ನೊಂದು ಮೊಗ್ಗು ಅರಳುವಂತಿದೆ.